ಕೀಳದೇ ಮನೆಗೆ ತಂದ ಹೂಗಳು

ಮಕ್ಕಳೇ, ಮಳೆ ಬಿದ್ದ ಮೇಲೆ ಕೊಪ್ಪಳ ಜಿಲ್ಲೆಯ ಕಲ್ಲುಗುಡ್ಡಗಳನ್ನು ಹತ್ತಿರದಿಂದ ನೋಡಿದ್ದೀರಾ? ಬೇಸಿಗೆಯಲ್ಲಿ ಕಾದ ಹೆಂಚಿನಂತಿದ್ದ ಬಂಡೆಗಳ ಸಂದಿಯಲ್ಲೆಲ್ಲ ಹಸಿರು. ಆ ಹಸಿರಿನ ನಡುವೆ ಪುಟ್ಟ ಪುಟ್ಟ ಕಾಡುಹೂಗಳು!

ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡವನ್ನೇ ನೋಡಿ. ಇಲ್ಲಿನ ಕಲ್ಲುಮನೆಗಳಂಥ ಸಮಾಧಿಗಳಿಗೆ 2,000 ವರ್ಷಕ್ಕೂ ಹೆಚ್ಚು ವಯಸ್ಸು. 2021ರಲ್ಲಿ ಈ ತಾಣ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಬಂದವರೆಲ್ಲ ಕಲ್ಲಿನ ಫೋಟೊ ತೆಗೆಯುತ್ತಾರೆ. ಕಾಲಬುಡದ ಹೂವಿಗೆ ಬಗ್ಗುವವರು ಕಡಿಮೆ.

ನೆಲಕ್ಕಂಟಿದ ನೀಲಿ ಹೂ ವಿಷ್ಣುಕ್ರಾಂತಿ. ಬಿಸಿಲೇರಿದರೆ ಮುದುಡುತ್ತದೆ, ಬೆಳಿಗ್ಗೆಯೇ ಹೋಗಬೇಕು. ಬಿಳಿ ತುಂಬೆ ಶಿವನ ಪೂಜೆಗೆ ಪ್ರಿಯ. ಹಳದಿ ಹೂವಿನ ತಂಗಡಿಯನ್ನು ಆವರಿಕೆ ಎಂದೂ ಕರೆಯುತ್ತಾರೆ. ಇದರ ತೊಗಟೆಯಿಂದ ಹಿಂದೆ ಚರ್ಮ ಹದ ಮಾಡುತ್ತಿದ್ದರು. ನೆರೆಯ ತೆಲಂಗಾಣಕ್ಕೆ ಇದೇ ರಾಜ್ಯಪುಷ್ಪ! ಪೊದೆಗಳ ನಡುವೆ ಬೆಂಕಿಯ ನಾಲಿಗೆಯಂಥ ಗೌರಿ ಹೂ ಕಂಡರೆ ನೋಡಿ ಖುಷಿಪಡಿ, ಮುಟ್ಟಬೇಡಿ. ಅದರ ಗೆಡ್ಡೆಯಿಂದ ಬೀಜದವರೆಗೆ ಎಲ್ಲವೂ ವಿಷ.

ಫೋಟೊ ತೆಗೆಯುವುದು ಹೇಗೆ? ದೊಡ್ಡ ಕ್ಯಾಮೆರಾ ಬೇಕಿಲ್ಲ, ಮನೆಯ ಮೊಬೈಲ್ ಸಾಕು. ನಿಂತು ತೆಗೆಯಬೇಡಿ, ಹೂವಿನ ಎತ್ತರಕ್ಕೆ ಕುಳಿತುಕೊಳ್ಳಿ. ಪರದೆಯ ಮೇಲೆ ಹೂವನ್ನು ಮುಟ್ಟಿ ಫೋಕಸ್ ಮಾಡಿ. ಗಾಳಿ ನಿಲ್ಲುವವರೆಗೆ ಕಾಯಿರಿ. ಬಿಸಿಲು ಜಾಸ್ತಿಯಿದ್ದರೆ ಕೊಡೆಯ ನೆರಳು ಹಿಡಿಯಿರಿ. ಹೂವಿನದೊಂದು, ಎಲೆಯದೊಂದು, ಇಡೀ ಗಿಡದ್ದೊಂದು, ಹೀಗೆ ಮೂರು ಚಿತ್ರ ಇರಲಿ. ಎಲೆ ಕಾಣದಿದ್ದರೆ ಎಷ್ಟೋ ಗಿಡಗಳ ಗುರುತು ಹತ್ತುವುದಿಲ್ಲ.

ಚೆಂದದ ಫೋಟೊಗಾಗಿ ಹೂ ಕೀಳಬೇಡಿ. ತುಂಬೆಯಂಥ ಗಿಡ ಬದುಕುವುದು ವರ್ಷದೊಳಗಿನ ಮಾತು. ಹೂ ಬೀಜವಾಗಿ ನೆಲಕ್ಕೆ ಉದುರಿದರೆ ಮಾತ್ರ ಮುಂದಿನ ಮಳೆಗೆ ಹೊಸ ಗಿಡ. ಹಳೆಯ ಸಮಾಧಿಗಳ ಮೇಲೂ ಹತ್ತಬೇಡಿ. ಈ ಭಾಗದ ಗುಡ್ಡಗಳಲ್ಲಿ ಕರಡಿ, ಚಿರತೆ ಇವೆ. ದೊಡ್ಡವರ ಜೊತೆ, ಹಗಲಲ್ಲೇ ಹೋಗಿ ಬನ್ನಿ.

ಅಜ್ಜ ಅಜ್ಜಿಯರೇ, ಇನ್ನು ನಿಮ್ಮ ಸರದಿ. ಮೊಣಕಾಲು ನೋವಿನಿಂದ ಗುಡ್ಡ ಹತ್ತಲಾಗದಿದ್ದರೂ ಚಿಂತೆಯಿಲ್ಲ. ಸಂಜೆ ಕಟ್ಟೆಯ ಮೇಲೆ ಕುಳಿತು ಮೊಮ್ಮಕ್ಕಳು ತಂದ ಚಿತ್ರ ನೋಡಿ. ಕುಷ್ಟಗಿಯಲ್ಲಿ ಒಂದು ಹೆಸರು, ಯಲಬುರ್ಗಾದಲ್ಲಿ ಇನ್ನೊಂದು ಇರಬಹುದು. ನಿಮ್ಮೂರಲ್ಲಿ ಏನೆನ್ನುತ್ತಿದ್ದರು? ಯಾವ ಹಬ್ಬಕ್ಕೆ, ಯಾವ ಔಷಧಿಗೆ ತರುತ್ತಿದ್ದರು? ಮಕ್ಕಳೇ, ಅವರು ಹೇಳಿದ್ದನ್ನು ದಿನಾಂಕ, ಜಾಗದ ಸಮೇತ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಬೀಜ ಉಳಿದರೆ ಹೂ ಮತ್ತೆ ಅರಳುತ್ತದೆ. ಅಜ್ಜಿಗೆ ಗೊತ್ತಿರುವ ಹೆಸರು ಮಾತ್ರ, ಯಾರೂ ಕೇಳದಿದ್ದರೆ ಅಲ್ಲಿಗೇ ಮುಗಿಯುತ್ತದೆ.