ಕಲ್ಲಿನಲ್ಲಿ ಹಾವಸೆ ಪ್ರಾಣಿ: ಗುರುತಿಸುವುದು ಹೇಗೆ?

ಸಕಲೇಶಪುರ, ಆಲೂರು ಕಡೆಯ ಶಾಲೆಯೊಂದರಲ್ಲಿ ಪಳೆಯುಳಿಕೆಗಳ ಪಾಠ ನಡೆಯುತ್ತಿದೆಯೆನ್ನಿ. ವಿದ್ಯಾರ್ಥಿಯೊಬ್ಬ ಜರೀಗಿಡದ ಎಲೆಯಂಥ ಕಪ್ಪು ಚಿತ್ತಾರವಿರುವ ಕಲ್ಲನ್ನು ತಂದು ಮೇಜಿನ ಮೇಲಿಡುತ್ತಾನೆ. ಪುಸ್ತಕದಲ್ಲಿರುವ ಬ್ರಯೋಝೋವದ ಚಿತ್ರಕ್ಕೂ ಇದಕ್ಕೂ ಹೋಲಿಕೆಯಿದೆ. ಅಧ್ಯಾಪಕರು ಏನು ಹೇಳಬೇಕು?

ಮೊದಲು ಶಿಲೆಯ ವಯಸ್ಸನ್ನು ನೋಡೋಣ. ಈ ಬೆಟ್ಟಗಳ ತಳಶಿಲೆ ಬಹುಪಾಲು ನೈಸ್. ಇದೇ ಜಿಲ್ಲೆಯ ಗೊರೂರಿನ ನೈಸ್ ಶಿಲೆ ಸುಮಾರು 330 ಕೋಟಿ ವರ್ಷ ಹಳೆಯದೆಂದು ವಿಕಿರಣ ಕಾಲಮಾಪನದಿಂದ ತಿಳಿದಿದೆ. ನಿಸ್ಸಂದೇಹವಾದ ಅತಿ ಹಳೆಯ ಬ್ರಯೋಝೋವಗಳ ವಯಸ್ಸು ಸುಮಾರು 48 ಕೋಟಿ ವರ್ಷ. ಸಾಲದೆಂಬಂತೆ ನೈಸ್ ಶಿಲೆ ಭೂಮಿಯಾಳದ ಶಾಖ, ಒತ್ತಡಗಳಿಗೆ ಸಿಕ್ಕಿ ರೂಪಾಂತರಗೊಂಡದ್ದು. ಅದರಲ್ಲಿ ಈ ಪ್ರಾಣಿಯನ್ನು ಹುಡುಕುವುದು ವ್ಯರ್ಥ. ಅದಕ್ಕೆ ತಮಿಳುನಾಡಿನ ಅರಿಯಲೂರಿನ ಸುಣ್ಣಕಲ್ಲುಗಳಿಗೋ ಕಾಶ್ಮೀರಕ್ಕೋ ಹೋಗಬೇಕು. ಕಾಶ್ಮೀರದ ಒಂದು ಶಿಲಾಸ್ತರಕ್ಕೆ ಫೆನೆಸ್ಟೆಲ್ಲ ಎಂಬ ಬ್ರಯೋಝೋವದ ಹೆಸರೇ ಇದೆ.

ಗ್ರೀಕ್ ಭಾಷೆಯಲ್ಲಿ ಬ್ರಯೋಝೋವ ಎಂದರೆ ಹಾವಸೆ ಪ್ರಾಣಿ. ಹೆಚ್ಚಿನವು ಸಮುದ್ರವಾಸಿಗಳು. ನಾವು ನೋಡುವುದು ಒಂದು ಪ್ರಾಣಿಯನ್ನಲ್ಲ, ಸಾವಿರಾರು ಝೂಯಿಡ್‌ಗಳ ವಸಾಹತನ್ನು. ಪ್ರತಿ ಝೂಯಿಡ್ ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತ ಚಿಕ್ಕದು. ಅದಕ್ಕೊಂದು ಗೂಡು, ಬಾಯಿಯ ಸುತ್ತ ಗ್ರಹಣಾಂಗಗಳ ಕಿರೀಟ, ಯು ಅಕ್ಷರದಂತೆ ಬಾಗಿದ ಅನ್ನನಾಳ. ಗುದದ್ವಾರ ಕಿರೀಟದ ಹೊರಗಿರುತ್ತದೆ. ಸತ್ತ ಮೇಲೆ ಮೃದು ಭಾಗ ಕೊಳೆತುಹೋಗಿ ಸುಣ್ಣದ ಗೂಡು ಮಾತ್ರ ಉಳಿಯುತ್ತದೆ. ಆದ್ದರಿಂದ ಪಳೆಯುಳಿಕೆಯ ಅಂಗರಚನೆಯೆಂದರೆ ಮನೆಯನ್ನು ನೋಡಿ ಒಕ್ಕಲನ್ನು ಊಹಿಸುವ ಕೆಲಸ.

ಕಲ್ಲನ್ನು ಬೆಳಕು ಹಾಯುವಷ್ಟು ತೆಳುವಾಗಿ ಉಜ್ಜಿ ಸೂಕ್ಷ್ಮದರ್ಶಕದಡಿ ಇಡುತ್ತಾರೆ. ಕವಲನ್ನು ಉದ್ದಕ್ಕೆ ಕೊಯ್ದರೆ ಕೊಳವೆಗಳು ನಡುವಿನಿಂದ ಹೊರಟು ಹೊರಮೈಯತ್ತ ಬಾಗುವುದು ಕಾಣುತ್ತದೆ. ಒಳಭಾಗದಲ್ಲಿ ಗೋಡೆ ತೆಳು, ಹೊರಭಾಗದಲ್ಲಿ ದಪ್ಪ. ಕೆಲವು ಗುಂಪುಗಳಲ್ಲಿ ಕೊಳವೆಗೆ ಅಡ್ಡಲಾಗಿ ತೆಳು ತಡಿಕೆಗಳಿರುತ್ತವೆ. ಪ್ರಾಣಿ ಮೇಲೆ ಮೇಲೆ ಬೆಳೆದಂತೆ ಕೆಳಗಿನ ಕೋಣೆಗಳನ್ನು ಮುಚ್ಚುತ್ತ ಹೋದದ್ದರ ಗುರುತು ಅದು.

ಭೌತವಿಜ್ಞಾನದವನಾದ ನನಗೆ ಹೆಚ್ಚು ಇಷ್ಟವಾದದ್ದು ಹೊರಮೈಯ ಸಣ್ಣ ದಿಬ್ಬಗಳು. ಸಾವಿರಾರು ಬಾಯಿಗಳು ನೀರನ್ನು ಮೇಲ್ಮೈಯತ್ತ ಸೆಳೆದರೆ, ಸೋಸಿದ ನೀರು ಹೋಗುವುದೆಲ್ಲಿಗೆ? ಒಳಬರುವ ನೀರಿನೊಡನೆ ಬೆರೆತರೆ ಆಹಾರವಿಲ್ಲದ ನೀರನ್ನೇ ಮತ್ತೆ ಸೋಸಬೇಕಾಗುತ್ತದೆ. ಅನೇಕ ಪಳೆಯುಳಿಕೆಗಳಲ್ಲಿ ಕೆಲವು ಮಿಲಿಮೀಟರಿಗೊಂದರಂತೆ ದಿಬ್ಬಗಳಿವೆ. ಇಂದಿನ ಕೆಲವು ವಸಾಹತುಗಳಲ್ಲಿ ಬಳಸಿದ ನೀರು ಇಂಥ ತಾಣಗಳಿಂದಲೇ ಹೊಗೆಗೂಡಿನ ಹೊಗೆಯಂತೆ ಮೇಲೇಳುತ್ತದೆ. ಪಳೆಯುಳಿಕೆಯ ದಿಬ್ಬಗಳದೂ ಅದೇ ಕೆಲಸವಿದ್ದಿರಬೇಕು.

ಈಗ ವಿದ್ಯಾರ್ಥಿಯ ಕಲ್ಲಿಗೆ ಬರೋಣ. ಮಸೂರ ಹಿಡಿದು ನೋಡಿದರೆ ಒಂದೇ ಅಳತೆಯ ರಂಧ್ರಗಳಿಲ್ಲ, ಗೋಡೆಗಳಿಲ್ಲ. ಬಿರುಕಿನಲ್ಲಿ ಹರಡಿದ ಕಪ್ಪು ಲೇಪವಷ್ಟೇ. ಇದು ಮ್ಯಾಂಗನೀಸ್ ಆಕ್ಸೈಡಿನ ನಿಕ್ಷೇಪ. ಕಣಗಳು ವಿಸರಣೆಯಿಂದ ಅಲೆದು ಬಂದು ಅಂಟಿಕೊಳ್ಳುವಾಗ ಚಾಚಿಕೊಂಡ ತುದಿಗೇ ಮೊದಲು ಸಿಗುತ್ತವೆ. ಆದ್ದರಿಂದ ತುದಿ ಇನ್ನಷ್ಟು ಚಾಚಿ ಕವಲೊಡೆಯುತ್ತದೆ. ಇಂಥ ಬೆಳವಣಿಗೆಯ ಗಣಕ ಮಾದರಿಯನ್ನು ವಿಟನ್ ಮತ್ತು ಸ್ಯಾಂಡರ್ 1981ರಲ್ಲಿ ಕೊಟ್ಟರು. ಇಲ್ಲಿ ಜೀವದ ಪಾತ್ರ ಬೇಕಾಗಿಯೇ ಇಲ್ಲ.

ಪರಿಣತರಿಗೂ ಈ ತೊಡಕು ತಪ್ಪಿದ್ದಲ್ಲ. ಕೇಂಬ್ರಿಯನ್ ಕಾಲದ ಪ್ರೋಟೊಮೆಲಿಷನ್ ಎಂಬುದು ಬ್ರಯೋಝೋವವೆಂದು 2021ರಲ್ಲಿ ಪ್ರಕಟವಾಯಿತು. ಮೃದು ಭಾಗಗಳೂ ಉಳಿದಿದ್ದ ಚೀನಾದ ಮಾದರಿಗಳನ್ನು ನೋಡಿದ ಇನ್ನೊಂದು ತಂಡ, ಅದು ಹಸಿರು ಶೈವಲವೆಂದು 2023ರಲ್ಲಿ ವಾದಿಸಿತು. ಗೂಡುಗಳ ಜೋಡಣೆಯೊಂದೇ ಸಾಕ್ಷ್ಯವಾದಾಗ ಹೀಗಾಗುತ್ತದೆ.

ಮಲೆನಾಡಿನವರು ಕಲ್ಲನ್ನು ಬಿಟ್ಟು ಕೆರೆಯಲ್ಲಿ ಹುಡುಕಬಹುದು. ಸಿಹಿನೀರಿನ ಪ್ಲುಮಟೆಲ್ಲದಂಥ ಬ್ರಯೋಝೋವಗಳಿಗೆ ಸುಣ್ಣದ ಗೂಡಿಲ್ಲ. ಮುಳುಗಿದ ಕಡ್ಡಿ, ಎಲೆಯಡಿಗಳಲ್ಲಿ ಕಂದು ಬಣ್ಣದ ಕವಲು ಕೊಳವೆಗಳು ಕಂಡರೆ, ಅದೇ ಕೆರೆಯ ನೀರು ತುಂಬಿದ ಗಾಜಿನ ತಟ್ಟೆಯಲ್ಲಿಟ್ಟು ಅಲುಗಿಸದೆ ಸ್ವಲ್ಪ ಹೊತ್ತು ಕಾಯಿರಿ. ಗ್ರಹಣಾಂಗಗಳು ಹೊರಚಾಚುತ್ತವೆ, ತಟ್ಟೆಯನ್ನು ಬೆರಳಿನಿಂದ ತಟ್ಟಿದರೆ ಸರಕ್ಕನೆ ಒಳಸರಿಯುತ್ತವೆ.