ವಿಮಾನದ ಮೂಲಕ ಅಪಾಯಕಾರಿ ಸರಕುಗಳ ಸಾಗಣೆ: ಅಪಾಯದ ಅಂದಾಜಿನ ಬಗ್ಗೆ ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಶಿವಾಜಿನಗರದ ಸುಗಂಧದ್ರವ್ಯ, ಇಂದಿರಾನಗರದ ಮಳಿಗೆಯ ಪವರ್ ಬ್ಯಾಂಕ್, ಕೃಷ್ಣರಾಜಪುರದ ಕಾರ್ಖಾನೆಯ ರಾಸಾಯನಿಕ, ಹಲಸೂರಿನ ಮನೆಯಿಂದ ಹೊರದೇಶದ ಮಕ್ಕಳಿಗೆ ಹೊರಟ ಕೊಬ್ಬರಿ, ಇವೆಲ್ಲವೂ ವಿಮಾನದ ದೃಷ್ಟಿಯಿಂದ ಅಪಾಯಕಾರಿ ಸರಕುಗಳಾಗಬಹುದು. ನಿಗದಿತ ನಾಗರಿಕ ವಿಮಾನಗಳ ಹಾರಾಟವು 2008ರ ಮೇ ತಿಂಗಳಿನಲ್ಲಿ ಎಚ್‌ಎಎಲ್ ನಿಲ್ದಾಣದಿಂದ ದೇವನಹಳ್ಳಿಗೆ ಸ್ಥಳಾಂತರಗೊಂಡಿದೆ. ನಿಲ್ದಾಣವು ದೂರವಾದರೂ ಅಪಾಯದ ಅಂದಾಜು ಆರಂಭವಾಗುವುದು ಪೆಟ್ಟಿಗೆ ಕಟ್ಟುವ ಸ್ಥಳದಲ್ಲಿಯೇ ಎಂಬುದನ್ನು ಗಮನಿಸತಕ್ಕದ್ದು.

ವರ್ಗೀಕರಣ

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಸೂಚನೆಗಳ ಪ್ರಕಾರ ಅಪಾಯಕಾರಿ ಸರಕುಗಳನ್ನು 9 ವರ್ಗಗಳಾಗಿ ವಿಂಗಡಿಸಲಾಗಿದೆ. ದಿನಬಳಕೆಯ ಕೆಲವು ಉದಾಹರಣೆಗಳು:

1. ಮದ್ಯಸಾರಯುಕ್ತ ಸುಗಂಧದ್ರವ್ಯ, ಪೇಂಟ್ ಥಿನ್ನರ್: ವರ್ಗ 3, ದಹನಶೀಲ ದ್ರವ
2. ಕರ್ಪೂರ: ವರ್ಗ 4.1, ದಹನಶೀಲ ಘನವಸ್ತು
3. ಒಣ ಕೊಬ್ಬರಿ: ವರ್ಗ 4.2, ಎಣ್ಣೆಯ ಅಂಶದಿಂದಾಗಿ ತಾನಾಗಿಯೇ ಕಾವೇರಬಲ್ಲ ವಸ್ತು
4. ಬ್ಯಾಟರಿ ಆಮ್ಲ: ವರ್ಗ 8, ಕೊರೆಯುವ ವಸ್ತು
5. ಲಿಥಿಯಂ ಬ್ಯಾಟರಿ: ವರ್ಗ 9

ಭಾರತದಲ್ಲಿ ಈ ಸಂಬಂಧ ಪ್ರತ್ಯೇಕ ನಿಯಮಗಳನ್ನು 2003ರಲ್ಲಿ ರೂಪಿಸಲಾಯಿತು. ಇವುಗಳ ಮೇಲ್ವಿಚಾರಣೆಯು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ ಸೇರಿರುತ್ತದೆ.

ಅಂದಾಜು ಮಾಡುವ ವಿಧಾನ

ಮೊದಲನೆಯದಾಗಿ, ವಸ್ತುವಿನ ಗುಣವನ್ನು ಪರಿಶೀಲಿಸಲಾಗುತ್ತದೆ. ದ್ರವದ ಆವಿಯು ಕಿಡಿ ತಾಗಿದರೆ ಹೊತ್ತಿಕೊಳ್ಳುವ ಕನಿಷ್ಠ ಉಷ್ಣತೆಗೆ ಜ್ವಲನಬಿಂದು ಎನ್ನುತ್ತಾರೆ. ಅದು 60 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆಯಿದ್ದಲ್ಲಿ ದ್ರವವನ್ನು ದಹನಶೀಲವೆಂದು ಪರಿಗಣಿಸಲಾಗುತ್ತದೆ. ಶುದ್ಧ ಎಥೆನಾಲಿನ ಜ್ವಲನಬಿಂದು ಸುಮಾರು 13 ಡಿಗ್ರಿ. ಬೆಂಗಳೂರಿನ ಹಗಲಿನ ಉಷ್ಣತೆಯೇ ಇದಕ್ಕಿಂತ ಹೆಚ್ಚು.

ಎರಡನೆಯದಾಗಿ, ಅಪಾಯದ ಪ್ರಮಾಣವನ್ನು ಅಧಿಕ, ಮಧ್ಯಮ, ಅಲ್ಪ ಎಂಬ ಮೂರು ಗುಂಪುಗಳಲ್ಲಿ ನಿರ್ಧರಿಸಲಾಗುತ್ತದೆ. ಒಂದು ಪೆಟ್ಟಿಗೆಯಲ್ಲಿ ಎಷ್ಟು ಇರಬಹುದು, ಪ್ರಯಾಣಿಕರ ವಿಮಾನದಲ್ಲಿ ಕಳುಹಿಸಬಹುದೇ ಅಥವಾ ಸರಕು ವಿಮಾನದಲ್ಲಿ ಮಾತ್ರವೇ ಎಂಬುದಕ್ಕೆ ಇದೇ ಆಧಾರ.

ಮೂರನೆಯದಾಗಿ, ಹಾರಾಟದ ಪರಿಸ್ಥಿತಿಯನ್ನು ಪರಿಗಣಿಸಬೇಕು. ಎತ್ತರದಲ್ಲಿ ಸುತ್ತಲಿನ ಒತ್ತಡವು ಇಳಿಯುವುದರಿಂದ ಮುಚ್ಚಿದ ಪಾತ್ರೆಯೊಳಗಿನ ದ್ರವವು ಹೊರಬರಲು ಒತ್ತುತ್ತದೆ. ಆದುದರಿಂದ ದ್ರವದ ಪಾತ್ರೆಯು ಸಾಮಾನ್ಯವಾಗಿ 95 ಕಿಲೋಪ್ಯಾಸ್ಕಲ್ ಒತ್ತಡದ ವ್ಯತ್ಯಾಸವನ್ನು ಸೋರದೆ ತಾಳಬೇಕು. ಲಾರಿಗೆ ಬೆಂಕಿ ಬಿದ್ದರೆ ರಸ್ತೆ ಬದಿಗೆ ನಿಲ್ಲಿಸಬಹುದು. ಹಾರುತ್ತಿರುವ ವಿಮಾನಕ್ಕೆ ಆ ಅವಕಾಶವಿಲ್ಲ.

ತಪ್ಪು ವಿವರಣೆಯ ಪರಿಣಾಮ

ಈ ಅಂದಾಜೆಲ್ಲವೂ ಕಳುಹಿಸುವವರು ನೀಡುವ ವಿವರಣೆಯನ್ನು ಅವಲಂಬಿಸಿದೆ. 1996ರ ಮೇ 11ರಂದು ಅಮೆರಿಕದ ಫ್ಲಾರಿಡಾದಲ್ಲಿ, ಖಾಲಿ ಎಂದು ದಾಖಲಾಗಿದ್ದ ಆಮ್ಲಜನಕ ಉತ್ಪಾದಕಗಳಿಂದ ಬೆಂಕಿ ಹೊತ್ತಿ ಪ್ರಯಾಣಿಕರ ವಿಮಾನವೊಂದು ಪತನಗೊಂಡು 110 ಜನರು ಮೃತಪಟ್ಟರು. 2000ದ ಮಾರ್ಚ್‌ನಲ್ಲಿ ಬೀಜಿಂಗ್‌ನಿಂದ ಕೌಲಾಲಂಪುರದ ಮೂಲಕ ಚೆನ್ನೈಗೆ ಬರಬೇಕಿದ್ದ ಸರಕನ್ನು ಬೇರೊಂದು ಘನವಸ್ತುವೆಂದು ದಾಖಲಿಸಲಾಗಿತ್ತು. ವಾಸ್ತವವಾಗಿ ಅದು ಆಕ್ಸಲೈಲ್ ಕ್ಲೋರೈಡ್ ಎಂಬ ಕೊರೆಯುವ ದ್ರವ. ಅದು ಸೋರಿ ಕೌಲಾಲಂಪುರದಲ್ಲಿ ನಿಲ್ದಾಣದ ಕಾರ್ಮಿಕರು ಅಸ್ವಸ್ಥರಾದರು. ವಿಮಾನವು ಮತ್ತೆ ಬಳಕೆಗೆ ಬರಲಿಲ್ಲ.

ಲಿಥಿಯಂ ಬ್ಯಾಟರಿಗಳು

2010ರ ಸೆಪ್ಟೆಂಬರ್ 3ರಂದು ದುಬೈನಲ್ಲಿ ಲಿಥಿಯಂ ಬ್ಯಾಟರಿಗಳಿದ್ದ ಸರಕು ವಿಮಾನವು ಬೆಂಕಿಗೆ ಸಿಲುಕಿ ಇಬ್ಬರು ಸಿಬ್ಬಂದಿ ಮೃತಪಟ್ಟರು. 2016ರ ಏಪ್ರಿಲ್ 1ರಿಂದ ಬಿಡಿ ಲಿಥಿಯಂ-ಅಯಾನ್ ಬ್ಯಾಟರಿಗಳನ್ನು ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಸಾಗಿಸುವುದನ್ನು ನಿಷೇಧಿಸಲಾಗಿದೆ.

ಪ್ರಯಾಣಿಕರು ಪವರ್ ಬ್ಯಾಂಕನ್ನು ಕೈಚೀಲದಲ್ಲಿ ಮಾತ್ರ ಒಯ್ಯತಕ್ಕದ್ದು. ಮಿಲಿ ಆಂಪಿಯರ್-ಅವರ್ ಸಂಖ್ಯೆಯನ್ನು ವೋಲ್ಟ್‌ನಿಂದ ಗುಣಿಸಿ 1000ದಿಂದ ಭಾಗಿಸಿದರೆ ವ್ಯಾಟ್-ಅವರ್ ದೊರೆಯುತ್ತದೆ. 3.7 ವೋಲ್ಟ್‌ನ 20,000 ಸಾಮರ್ಥ್ಯದ ಪವರ್ ಬ್ಯಾಂಕ್ 74 ವ್ಯಾಟ್-ಅವರ್. 30,000 ಆದರೆ 111. 100ನ್ನು ಮೀರಿದರೆ ವಿಮಾನಯಾನ ಸಂಸ್ಥೆಯ ಅನುಮತಿ ಅವಶ್ಯಕ. 160ನ್ನು ಮೀರಿದಲ್ಲಿ ಒಯ್ಯುವಂತಿಲ್ಲ.

ಸಾರ್ವಜನಿಕರಲ್ಲಿ ಕೋರಿಕೆ

1. ಪಾರ್ಸೆಲಿನಲ್ಲಿರುವ ಪ್ರತಿಯೊಂದು ವಸ್ತುವಿನ ನಿಜವಾದ ಹೆಸರನ್ನು ಬರೆಯುವುದು. "ಗೃಹೋಪಯೋಗಿ ವಸ್ತುಗಳು" ಎಂದಷ್ಟೇ ನಮೂದಿಸಬಾರದು.
2. ರಾಸಾಯನಿಕಗಳಿಗೆ ತಯಾರಕರಿಂದ ಸುರಕ್ಷತಾ ಮಾಹಿತಿ ಪತ್ರವನ್ನು ಪಡೆದು ಲಗತ್ತಿಸುವುದು.
3. ಅಪಾಯಸೂಚಕ ಚೀಟಿಯನ್ನು ತೆಗೆಯದಿರುವುದು. ಹಳೆಯ ಪೆಟ್ಟಿಗೆ ಬಳಸಿದಲ್ಲಿ ಅದರ ಹಿಂದಿನ ಚೀಟಿಗಳನ್ನು ಅಳಿಸುವುದು.
4. ಸಂದೇಹವಿದ್ದಲ್ಲಿ ಕಟ್ಟುವ ಮೊದಲೇ ವಿಮಾನಯಾನ ಸಂಸ್ಥೆ ಅಥವಾ ಕೊರಿಯರ್ ಕಚೇರಿಯನ್ನು ವಿಚಾರಿಸುವುದು.

ಅಪಾಯಕಾರಿ ಸರಕನ್ನು ಮರೆಮಾಚಿ ಕಳುಹಿಸುವುದು ಶಿಕ್ಷಾರ್ಹ ಅಪರಾಧ. ಘೋಷಿಸಿದ ಸರಕನ್ನು ಸುರಕ್ಷಿತವಾಗಿ ಸಾಗಿಸಲು ಮಾರ್ಗಗಳಿವೆ. ಘೋಷಿಸದ ಸರಕಿಗೆ ಯಾವುದೇ ರಕ್ಷಣೆಯಿಲ್ಲ. ಸಾರ್ವಜನಿಕರು ಸಹಕರಿಸಬೇಕಾಗಿ ಕೋರಲಾಗಿದೆ.