ಕೊನೆಯ ಪುಟದಿಂದ ಓದುವ ದಿನಚರಿ

ಪುಣೆಯಿಂದ ನಾಸಿಕದ ದಾರಿಯಲ್ಲಿ ಸುಮಾರು 80 ಕಿ.ಮೀ. ಹೋದರೆ ನಾರಾಯಣಗಾಂವ್. ಅಲ್ಲಿಂದ ಒಳಗೆ ತಿರುಗಿದರೆ ಖೋಡದ್. ಹೊಲಗಳ ನಡುವೆ 45 ಮೀಟರ್ ಅಗಲದ ತಂತಿಬಲೆಯ ಬೋಗುಣಿಗಳು ಆಕಾಶಕ್ಕೆ ಮುಖ ಮಾಡಿ ನಿಂತಿವೆ. ಇಂಥ 30 ಸೇರಿ ಜಿಎಂಆರ್‌ಟಿ ಎಂಬ ರೇಡಿಯೋ ದೂರದರ್ಶಕ. ಪುಣೆಗೆ ಬಂದಮೇಲೆ ಎರಡು ಸಲ ಹೋಗಿದ್ದೇನೆ. ಪ್ರತಿಸಲವೂ ನನಗೆ ನೆನಪಾಗುವುದು ಒಂದು ಸತ್ತ ನಕ್ಷತ್ರ.

1993ರ ಮಾರ್ಚ್ 28ರಂದು ಸ್ಪೇನಿನ ಹವ್ಯಾಸಿ ವೀಕ್ಷಕರೊಬ್ಬರು ಎಂ81 ಗೆಲಾಕ್ಸಿಯಲ್ಲಿ ಹೊಸ ಚುಕ್ಕೆಯೊಂದನ್ನು ಕಂಡರು. ಸುಮಾರು 1.2 ಕೋಟಿ ಜ್ಯೋತಿರ್ವರ್ಷ ದೂರದ ಕೆಂಪು ಮಹಾದೈತ್ಯ ನಕ್ಷತ್ರವೊಂದು ಸಿಡಿದಿತ್ತು. ಅದಕ್ಕೆ ಎಸ್‌ಎನ್ 1993ಜೆ ಎಂದು ಹೆಸರಾಯಿತು.

ಕೆಂಪು ಮಹಾದೈತ್ಯ ಹೇಗಿರುತ್ತದೆಂದು ನೋಡಲು ದೂರ ಹೋಗಬೇಕಿಲ್ಲ. ಊರಲ್ಲಿ ನಾವು ಆರಿದ್ರಾ ಮಳೆ ಎನ್ನುತ್ತೇವಲ್ಲ, ಆ ಆರ್ದ್ರಾ ನಕ್ಷತ್ರ ಇದೇ ಜಾತಿಯದು. ಚಳಿಗಾಲದಲ್ಲಿ ಮುಂಬಯಿಯ ಬಾಲ್ಕನಿಯಿಂದಲೂ ಕಾಣುತ್ತದೆ. ಮುದಿಯಾದ ಇಂಥ ನಕ್ಷತ್ರ ತನ್ನ ಹೊರಮೈಯನ್ನೇ ಸಾವಿರಾರು ವರ್ಷ ಗಾಳಿಯಾಗಿ ಊದುತ್ತಿರುತ್ತದೆ. ಅದರ ವೇಗ ಸೆಕೆಂಡಿಗೆ ಸುಮಾರು 10 ಕಿ.ಮೀ. ನಮಗೆ ಭಾರಿ ಎನಿಸಿದರೂ ಆಕಾಶದ ಲೆಕ್ಕದಲ್ಲಿ ಎತ್ತಿನಗಾಡಿ.

ಸಿಡಿದಾಗ ಹೊರಟ ವಸ್ತುವಾದರೋ ಸೆಕೆಂಡಿಗೆ 10,000 ಕಿ.ಮೀ.ಗೂ ಮಿಗಿಲಾದ ವೇಗದಲ್ಲಿ ಹಿಂದಿನಿಂದ ನುಗ್ಗುತ್ತದೆ. ಎಂದರೆ, ನಕ್ಷತ್ರ ಸಾವಿರ ವರ್ಷ ಊದಿದ ಗಾಳಿಯನ್ನು ಅದು ಒಂದೇ ವರ್ಷದಲ್ಲಿ ದಾಟುತ್ತದೆ. ಮೊದಲು ಸಿಗುವುದು ಸಾಯುವ ಮುನ್ನ ಬಿಟ್ಟ ಗಾಳಿ. ಆಮೇಲೆ ಹಳೆಯದು, ಇನ್ನೂ ಹಳೆಯದು.

ಡಿಕ್ಕಿಯ ಜಾಗದಲ್ಲಿ ಎರಡು ಆಘಾತ ತರಂಗಗಳು ಹುಟ್ಟುತ್ತವೆ. ಒಂದು ಮುಂದಿನ ಗಾಳಿಯೊಳಕ್ಕೆ ನುಗ್ಗಿದರೆ, ಇನ್ನೊಂದು ಸಿಡಿದ ವಸ್ತುವಿನೊಳಕ್ಕೇ ಹಿಮ್ಮೊಗವಾಗಿ ಸಾಗುತ್ತದೆ. ನಡುವೆ ಸಿಕ್ಕ ಎಲೆಕ್ಟ್ರಾನ್‌ಗಳು ಕಾಂತಕ್ಷೇತ್ರದಲ್ಲಿ ಸುತ್ತಿ ರೇಡಿಯೋ ಅಲೆಗಳನ್ನು ಸೂಸುತ್ತವೆ. ಗಾಳಿ ದಟ್ಟವಾಗಿದ್ದರೆ ಕಡಿಮೆ ಆವರ್ತನದ ಅಲೆಗಳನ್ನು ಅದೇ ನುಂಗಿಬಿಡುತ್ತದೆ. ಅವು ನಮಗೆ ತಡವಾಗಿ ಕೇಳುತ್ತವೆ. ಆ ತಡದಿಂದಲೇ ಗಾಳಿಯ ದಟ್ಟಣೆ ಅಳೆಯಬಹುದು. ಖೋಡದ್ ಇರುವುದೇ ಇಂಥ ಕಡಿಮೆ ಆವರ್ತನಗಳಿಗೆ.

ಸ್ಫೋಟವಾಗಿ ಸುಮಾರು 3,100 ದಿನಗಳಾದಾಗ 1993ಜೆಯ ರೇಡಿಯೋ ದನಿ ಇದ್ದಕ್ಕಿದ್ದಂತೆ ಬೇಗ ಬೇಗ ಕುಗ್ಗತೊಡಗಿತು. ಡಿಕ್ಕಿ ಹೊಡೆಯಲು ಗಾಳಿಯೇ ತೆಳುವಾಗಿತ್ತು! ಸಾಯುವುದಕ್ಕೆ ಸುಮಾರು 8,000 ವರ್ಷ ಮುಂಚೆ ನಕ್ಷತ್ರ ಗಾಳಿ ಬಿಡುವ ರೀತಿಯೇ ಬದಲಾಗಿತ್ತೆಂಬುದು ಖಗೋಳಜ್ಞರ ಲೆಕ್ಕ. ಕಣ್ಣೆದುರಿಲ್ಲದ ನಕ್ಷತ್ರದ ಬಗ್ಗೆ ಇಷ್ಟು ಹೇಳಲಾಗುವುದು ನನಗಂತೂ ಸೋಜಿಗ. ಹೆಚ್ಚುಕಡಿಮೆ ಅದೇ ಹೊತ್ತಿನಲ್ಲಿ ಜಿಎಂಆರ್‌ಟಿ ಮತ್ತು ಅಮೆರಿಕದ ವಿಎಲ್‌ಎ ಅಳತೆಗಳನ್ನು ಜೋಡಿಸಿ, ಡಿಕ್ಕಿಯ ಜಾಗದ ಕಾಂತಕ್ಷೇತ್ರವನ್ನೂ ಭಾರತೀಯ ವಿಜ್ಞಾನಿಗಳು ಲೆಕ್ಕಹಾಕಿದರು.

ಇಷ್ಟು ಕ್ಷೀಣ ದನಿಗೆ ನಮ್ಮ ಮೊಬೈಲು, ಎಫ್‌ಎಂ, ವಿದ್ಯುತ್ ತಂತಿಗಳೇ ಶತ್ರು. ಫೆಬ್ರುವರಿ 28ರ ವಿಜ್ಞಾನ ದಿನದ ಹೊತ್ತಿಗೆ ಅಲ್ಲಿ ಸಾರ್ವಜನಿಕರಿಗೂ ಪ್ರವೇಶವಿರುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗಿ. ಗೇಟಿನಲ್ಲಿ ಮೊಬೈಲ್ ಆಫ್ ಮಾಡಿ ಎಂದರೆ ಗೊಣಗಬೇಡಿ.